ಚಿಲಕವಿಲ್ಲದ ಬಾಗಿಲು

ಆ ಹೊಲಿಗೆ ಕಾರ್ಖಾನೆಯಲ್ಲಿ ಅವಳಿಗೆ 'ಬಂಡೆ' ಅಂತ ಹೆಸರು ಬಿದ್ದದ್ದು ಗಾತ್ರ ನೋಡಿ ಅಲ್ಲ. ಗಾಳಿ ಬೀಸಿದರೆ ಹಾರಿಹೋಗುವಂಥ ಮೈ ಅವಳದು. ಆದರೆ ಬೆಳಿಗ್ಗೆ ಮಷೀನಿನ ಮುಂದೆ ಕೂತಳೆಂದರೆ ಮುಗಿಯಿತು. ಊಟದ ಹೊತ್ತಿಗೂ ಏಳದೆ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಉಂಡು, ಸಂಜೆಯವರೆಗೂ ಶರ್ಟಿನ ಕಾಲರ್ ಹೊಲಿಯುತ್ತಲೇ ಇರುತ್ತಿದ್ದಳು. ಮೇಸ್ತ್ರಿ ಹೊಸ ಹುಡುಗಿಯರಿಗೆಲ್ಲ ಅವಳನ್ನೇ ತೋರಿಸುತ್ತಿದ್ದ. "ನೋಡಿ ಕಲೀರಿ. ಕೂತ್ರೆ ಹೀಗೆ ಕೂರ್ಬೇಕು." ಹೊಗಳಿಕೆ ಯಾರಿಗೆ ಬೇಡ ಹೇಳಿ? ಆಗಷ್ಟೇ ಇಪ್ಪತ್ತು ದಾಟಿದ ಹುಡುಗಿ, ಉಬ್ಬಿಹೋಗಿದ್ದಳು.

ಇದರ ಗುಟ್ಟೇನು ಅಂತೀರಾ? ನೀರು ಕುಡಿಯದೆ ಇರುವುದು, ಅಷ್ಟೇ. ಶೌಚಾಲಯ ಇದ್ದದ್ದು ಶೆಡ್ಡಿನ ಆ ತುದಿಯಲ್ಲಿ. ಅಲ್ಲಿಗೆ ಹೋಗಬೇಕಾದರೆ ಪೆಟ್ಟಿಗೆ ಕಟ್ಟುವ ಗಂಡಸರ ಮೇಜುಗಳ ನಡುವೆಯೇ ನಡೆಯಬೇಕು. ಎದ್ದವಳು ಯಾವ ಘನಕಾರ್ಯಕ್ಕೆ ಹೊರಟಳು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನಾಚಿಕೆ ಬಿಟ್ಟು ಹೋದರೂ ಆ ಬಾಗಿಲಿಗೆ ಚಿಲಕವಿಲ್ಲ. ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದುಕೊಂಡು ಮಾಡುವ ಸರ್ಕಸ್ಸು ಯಾರಿಗೆ ಬೇಕು? ಅದಕ್ಕಿಂತ ಬಾಯಿ ಒಣಗಿಸಿಕೊಂಡು ಕೂರುವುದೇ ವಾಸಿ ಅನ್ನಿಸಿತ್ತು ಅವಳಿಗೆ.

ದೇಹ ಹೊಗಳಿಕೆಗೆಲ್ಲ ಬಗ್ಗುವುದಿಲ್ಲ. ಮೊದಲು ಉರಿಮೂತ್ರ ಶುರುವಾಯಿತು. ನಾಚಿಕೆಪಟ್ಟುಕೊಂಡು ಯಾರಿಗೂ ಹೇಳಲಿಲ್ಲ. ಆಮೇಲೆ ಸೊಂಟದ ಮೇಲ್ಗಡೆ ನೋವು, ಅದರ ಹಿಂದೆಯೇ ಗಡಗಡ ನಡುಗಿಸುವ ಜ್ವರ. ಅಮ್ಮ ಬೈದುಕೊಂಡೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

"ಸೋಂಕು ಮೂತ್ರಪಿಂಡಕ್ಕೆ ಹತ್ತಿದೆ. ನೀರು ಕುಡಿಯಲ್ವಾ ನೀನು?" ಅಂದರು ಡಾಕ್ಟರಮ್ಮ.

"ಕುಡಿದ್ರೆ ಏಳ್ಬೇಕಾಗುತ್ತೆ ಮೇಡಂ."

"ಏಳ್ಬೇಕಾದ್ದೇ ಕಣಮ್ಮ. ಗಂಟಲು ಒಣಗೋವರೆಗೆ ಕಾಯದೆ ಕುಡೀತಾ ಇರ್ಬೇಕು, ಬಂದಾಗ ತಡೆಯದೆ ಹೋಗ್ಬೇಕು. ಗುಣವಾಯ್ತು ಅಂತ ಮಾತ್ರೆ ಅರ್ಧಕ್ಕೆ ನಿಲ್ಲಿಸ್ಬೇಡ. ಇನ್ನೊಂದ್ಸಲ ಉರಿ ಕಂಡ್ರೆ ತಡಮಾಡ್ದೆ ಬಾ. ನಾಚಿಕೊಂಡು ಮನೇಲಿ ಕೂತವ್ರೇ ಕೊನೆಗೆ ಇಲ್ಲಿ ಬಂದು ಮಲಗೋದು."

ಮಾತ್ರೆ ಮುಗಿಯಿತು, ಹುಡುಗಿ ಎದ್ದು ಓಡಾಡಿದಳು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನೋಣವೆಂದರೆ ಅದೂ ಪೂರ್ತಿ ಬರಲಿಲ್ಲ. ಮನೆಯಲ್ಲಿ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಕಾರ್ಖಾನೆಗೆ ಬಂದರೆ ಬಾಟಲಿ ಮಷೀನಿನ ಪಕ್ಕ ಸುಮ್ಮನೆ ನಿಂತಿರುತ್ತಿತ್ತು. ಇಷ್ಟು ದಿನ ಹೊತ್ತ ಹೆಸರನ್ನು ಇಳಿಸಲು ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ತಂಗಿಯೂ ಅದೇ ಕೆಲಸಕ್ಕೆ ಸೇರಿದಳು. ಪಕ್ಕದ ಮಷೀನೇ ಸಿಕ್ಕಿತು. ಅಕ್ಕ ಏನು ಮಾಡಿದರೆ ಅದನ್ನೇ ಮಾಡುವ ಹುಡುಗಿ ಅದು, ಚಿಕ್ಕಂದಿನಿಂದಲೂ.

"ನೀರು ಕುಡಿಯೇ, ನನ್ನ ಪಾಡು ನೋಡಿದೀಯಲ್ಲ," ಅಂದಳು ಬಂಡೆ, ಮನೆಯಲ್ಲಿ.

"ಹೇಳೋದು ಪುರಾಣ, ತಿನ್ನೋದು ಬದನೆಕಾಯಿ," ಅಂದಳು ತಂಗಿ. "ನಿನ್ನ ಬಾಟಲಿ ಬೆಳಿಗ್ಗೆ ತುಂಬಿಕೊಂಡು ಹೋಗುತ್ತೆ, ಸಂಜೆ ತುಂಬಿಕೊಂಡೇ ವಾಪಸ್ ಬರುತ್ತೆ."

ಅಮ್ಮ ಬಿದ್ದು ಬಿದ್ದು ನಕ್ಕಳು. ಬಂಡೆಗೆ ನಗು ಬರಲಿಲ್ಲ.

ಒಂದು ಮಧ್ಯಾಹ್ನ ಮೇಸ್ತ್ರಿ ಇಬ್ಬರ ಹಿಂದೆ ಬಂದು ನಿಂತ. ತಂಗಿ ಹೊಲಿದ ತೋಳುಗಳ ರಾಶಿ ನೋಡಿ ತಲೆದೂಗಿದ. "ಅಕ್ಕನಿಗೆ ತಕ್ಕ ತಂಗಿ. ಬೆಳಿಗ್ಗೆಯಿಂದ ಎದ್ದಿಲ್ಲ ನೋಡಿ. ಇವಳು ಮರಿಬಂಡೆ."

ಸಾಲೆಲ್ಲ ನಕ್ಕಿತು. ತಂಗಿಯ ಮುಖ ಅರಳಿತು. ಬಂಡೆ ಮಾತ್ರ ಅವಳ ಮುಖ ನೋಡದೆ ಕಾಲು ನೋಡಿದಳು. ಮಂಡಿಗಳು ಒಂದಕ್ಕೊಂದು ಒತ್ತಿಕೊಂಡಿದ್ದವು, ಹಿಮ್ಮಡಿ ನೆಲಕ್ಕೆ ಪಟಪಟ ಬಡಿಯುತ್ತಿತ್ತು. ಆ ಬಡಿತ ಅವಳಿಗೆ ಗೊತ್ತಿಲ್ಲದ್ದೇ? ತಾನು ನಡುಗುತ್ತ ಮಲಗಿದ ಹಾಸಿಗೆಯಲ್ಲಿ ತಂಗಿ ಮಲಗಿದಂತೆ ಕಣ್ಣಿಗೆ ಕಟ್ಟಿತು. ಭಯವಾಯಿತು. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೇ ಸಿಟ್ಟು ಬಂತು.

ಬಾಟಲಿ ತೆಗೆದು ಗಟಗಟ ಕುಡಿದಳು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟಳು. ಸಾಲಿನಲ್ಲಿ ಮಷೀನುಗಳ ಸದ್ದು ಒಂದೊಂದಾಗಿ ನಿಂತಿತು.

"ಯಾಕಮ್ಮಾ, ಮಷೀನು ಕೆಡ್ತಾ?" ಅಂದ ಮೇಸ್ತ್ರಿ.

"ಮಷೀನು ಸರಿಯಾಗೇ ಇದೆ ಸಾರ್. ನಾನು ಒಂದಕ್ಕೆ ಹೋಗ್ಬೇಕು."

ಆ ಮಾತನ್ನು ಆ ಶೆಡ್ಡಿನಲ್ಲಿ ಅಷ್ಟು ಜೋರಾಗಿ ಯಾರೂ ಆಡಿರಲಿಲ್ಲ. ಮೇಸ್ತ್ರಿ ತಬ್ಬಿಬ್ಬಾಗಿ ಗಡಿಯಾರದ ಕಡೆ ನೋಡಿದ. ಬಂಡೆ ತಂಗಿಯ ಭುಜ ಮುಟ್ಟಿದಳು. "ಬಾರೇ. ಬಾಗಿಲಿಗೆ ಚಿಲಕ ಇಲ್ಲ, ಹಿಡ್ಕೊಳ್ಳೋಕೆ ಒಬ್ರು ಬೇಕು."

"ನನ್ನ ಕೆಲಸ ಅಕ್ಕಾ..."

"ಕೆಲಸಕ್ಕೆ ಕಾಲಿಲ್ಲ, ಎಲ್ಲೂ ಓಡಿಹೋಗಲ್ಲ. ಏಳು."

ಇಬ್ಬರೂ ಗಂಡಸರ ಮೇಜುಗಳ ನಡುವೆ ನಡೆದರು. ಗಂಡಸರು ಪಾಪ, ಎಂದೂ ಇಲ್ಲದ ಶ್ರದ್ಧೆಯಿಂದ ಪೆಟ್ಟಿಗೆ ಕಟ್ಟುತ್ತಿದ್ದರು. ಅಕ್ಕ ಒಳಗೆ ಹೋದಳು, ತಂಗಿ ಬಾಗಿಲು ಹಿಡಿದಳು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಸಣ್ಣ ದನಿ ಕೇಳಿತು. "ಅಕ್ಕಾ, ಬೇಗ ಬಾ. ನಾನು ಬೆಳಿಗ್ಗೆಯಿಂದ ತಡ್ಕೊಂಡಿದೀನಿ."

ಬಂಡೆಯ ಕಣ್ಣು ತುಂಬಿತು. ಹೊರಗೆ ಬಂದು ತಂಗಿಯನ್ನು ಒಳಗೆ ಕಳಿಸಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ನಿಧಾನವಾಗಿ ಬಾ. ನಾನಿದೀನಿ."

ನೋಡುತ್ತಾಳೆ, ಮೇಜುಗಳ ನಡುವೆ ಗುಂಡಿ ಹಚ್ಚುವ ಹೆಂಗಸು ಬರುತ್ತಿದ್ದಾಳೆ, ಅವಳ ಹಿಂದೆ ಇನ್ನಿಬ್ಬರು ಹುಡುಗಿಯರು. "ಹೋಗ್ಬಿಡ್ಬೇಡಿ," ಅಂದಳು ಆ ಹೆಂಗಸು. "ನನಗೂ ಸ್ವಲ್ಪ ಬಾಗಿಲು ಹಿಡೀರಿ."

ಮಾರನೆಯ ಬೆಳಿಗ್ಗೆ ಮೇಸ್ತ್ರಿ ತಾನೇ ಹೊಸ ಚಿಲಕ, ಸ್ಕ್ರೂಡ್ರೈವರ್ ಹಿಡಿದು ಬಂದ. ಹೋಗುವವಳೊಬ್ಬಳು, ಹಿಡಿಯುವವಳೊಬ್ಬಳು, ಹೀಗೆ ಜೋಡಿ ಜೋಡಿಯಾಗಿ ಎದ್ದರೆ ಕೆಲಸ ಕೆಟ್ಟ ಹಾಗೇ ಅಂತ ಗೊಣಗುತ್ತಲೇ ತಿರುಪು ಬಿಗಿದ. ಗೊಣಗಿದರೆ ಗೊಣಗಲಿ, ಚಿಲಕ ಬಿತ್ತಲ್ಲ. ಮರಿಬಂಡೆ ಅಂತ ಕರೆದರೆ ತಂಗಿ ಈಗ ತಿರುಗಿಯೂ ನೋಡುವುದಿಲ್ಲ. ಸಂಜೆ ಮನೆಗೆ ಬಂದ ಎರಡೂ ಬಾಟಲಿಗಳನ್ನು ಅಮ್ಮ ಎತ್ತಿ ಅಲ್ಲಾಡಿಸಿ ನೋಡುತ್ತಾಳೆ. ಎರಡೂ ಖಾಲಿ ಇರುತ್ತವೆ.