ಬೆರಳಮ್ಮನ ಭಾನುವಾರಗಳು

ನನ್ನ ತಂಗಿಯನ್ನು ದಿಂಬಿನ ಕಾರ್ಖಾನೆಯಲ್ಲಿ ಎಲ್ಲರೂ ಬೆರಳಮ್ಮ ಎಂದೇ ಕರೆಯುತ್ತಾರೆ. ಹತ್ತಿ ತುಂಬಿ ಬಂದ ದಿಂಬನ್ನು ಮೇಜಿನ ಮೇಲೆ ಮಲಗಿಸಿ, ಮೂರು ಬೆರಳು ಚಪ್ಪಟೆ ಮಾಡಿ, ಸುತ್ತುಸುತ್ತಾಗಿ ಒತ್ತುತ್ತಾ ಹೋಗುವುದು ಅವಳ ಕೆಲಸ. ಒಳಗೆ ಎಲ್ಲಾದರೂ ಹತ್ತಿ ಉಂಡೆಗಟ್ಟಿದ್ದರೆ ಅವಳ ಬೆರಳು ಅಲ್ಲೇ ನಿಲ್ಲುತ್ತದೆ. ನಾನು ಪಕ್ಕದ ಮೆಷಿನ್ನಿನಲ್ಲಿ ದಿಂಬಿನ ಬಾಯಿ ಹೊಲಿಯುವವಳು. ನನ್ನ ಬಾಯಿ ಹೊಲಿಯುವವರು ಇನ್ನೂ ಹುಟ್ಟಿಲ್ಲ ಎಂದು ಸೂಪರ್‌ವೈಸರ್ ಹೇಳುತ್ತಿರುತ್ತಾನೆ. ಅವನು ಆಡುವ ಮಾತುಗಳಲ್ಲಿ ಅದೊಂದು ನಿಜ.

ನಮ್ಮಲ್ಲೊಂದು ದರಿದ್ರ ನಿಯಮವಿದೆ. ಉಂಡೆ ಯಾರ ಕೈಗೆ ಸಿಕ್ಕಿತೋ ಅವರೇ ಹತ್ತಿಯನ್ನೆಲ್ಲ ಹೊರಗೆಳೆದು, ಹಿಂಜಿ, ಮತ್ತೆ ತುಂಬಬೇಕು. ಆ ಹೊತ್ತು ಕೂಲಿಗೆ ಸೇರುವುದಿಲ್ಲ. ಹಾಗಾಗಿ ಮಧ್ಯಾಹ್ನ ದಾಟಿ ಸೊಂಟ ಹಿಡಿದುಕೊಳ್ಳುವಾಗ ಎಲ್ಲರ ಕೈಯೂ ಕಿವುಡಾಗುತ್ತದೆ. ಉಂಡೆ ಸಿಗುತ್ತದೆ, ಬೆರಳು ಒಂದು ಚೂರು ತಡೆಯುತ್ತದೆ, ಮುಂದೆ ಹೋಗುತ್ತದೆ. "ಏನೂ ಇಲ್ಲ" ಎಂದು ದಿಂಬನ್ನು ನನ್ನ ಕಡೆ ತಳ್ಳುತ್ತಾರೆ. ನಾನೂ ಕೇಳಲು ಹೋಗುವುದಿಲ್ಲ, ಬಾಯಿ ಹೊಲಿದು ಅತ್ತ ಎಸೆಯುತ್ತೇನೆ.

ತನ್ನ ಎಡಮೊಲೆಯಲ್ಲಿ ಗಡ್ಡೆ ಸಿಕ್ಕಿದಾಗಲೂ ಬೆರಳಮ್ಮ ಅದನ್ನೇ ಮಾಡಿದಳು. ಸ್ನಾನ ಮಾಡುವಾಗ ಸಿಕ್ಕಿತಂತೆ, ಕೈ ಮುಂದೆ ಹೋಯಿತಂತೆ. ಮಗಳ ಪರೀಕ್ಷೆ ಮುಗಿಯಲಿ, ಗಂಡನ ಕಾಲಿನ ಕಟ್ಟು ಬಿಚ್ಚಲಿ ಎಂದು ದಿನ ತಳ್ಳಿದಳು. ಚರ್ಮ ಸುಕ್ಕುಗಟ್ಟಿ ಒಳಕ್ಕೆ ಎಳೆದುಕೊಂಡ ಮೇಲೆ ನನಗೆ ತೋರಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಕಂಡೋರ ದಿಂಬೆಲ್ಲ ಮುಟ್ಟಿ ನೋಡ್ತೀಯಲ್ಲೇ, ನಿನ್ನ ಮೈ ನಿಂಗೆ ಬೇಡ್ವಾ?" ಎಂದು ಬೈದೆ.

"ಸಿಕ್ತು ಅಂತ ಹೇಳಿದ್ರೆ ಮುಂದಿಂದೆಲ್ಲ ಶುರುವಾಗಿಬಿಡುತ್ತಲ್ಲ ಅಕ್ಕ," ಎಂದಳು.

ಮುಂದಿನದ್ದೆಲ್ಲ ಶುರುವಾಯಿತು. ಮೊಲೆ ತೆಗೆದರು. ಔಷಧಿಯನ್ನು ಹನಿಹನಿಯಾಗಿ ನರಕ್ಕೆ ಇಳಿಸಿದರು. ಕೂದಲು, ಹುಬ್ಬು, ನಾಲಗೆಯ ರುಚಿ ಎಲ್ಲ ಹೋಯಿತು. ಅವಳ ಗಂಡ ಲಾರಿ ಡ್ರೈವರ್. ಆಸ್ಪತ್ರೆಯಲ್ಲಿ ಎಲ್ಲರೆದುರು ಅವಳ ತಲೆ ಸವರಿದ, ಮನೆಗೆ ಬಂದ ಮೇಲೆ ತನ್ನ ಹಾಸಿಗೆಯನ್ನು ಮುಂದಿನ ಕೋಣೆಗೆ ಎಳೆದುಕೊಂಡ. "ನಿದ್ದೇಲಿ ಕೈ ತಾಗಿ ನೋವಾದ್ರೆ ಅಂತ," ಎಂದು ನನಗೆ ಸಮಜಾಯಿಷಿ ಕೊಟ್ಟ. ಗಾಯ ಮಾಗಿ ಎಷ್ಟೋ ಕಾಲವಾಯಿತು, ಹಾಸಿಗೆ ಇನ್ನೂ ಅಲ್ಲೇ ಇದೆ. ಮಹಾನುಭಾವ!

ಕೆಲಸಕ್ಕೆ ವಾಪಸು ಬಂದಾಗ ಬರಿದಾದ ಕಡೆಗೆ ಹತ್ತಿಯ ಪುಟ್ಟ ಮೆತ್ತೆಯೊಂದನ್ನು ತಾನೇ ಹೊಲಿದು ಇಟ್ಟುಕೊಂಡಿದ್ದಳು. ಸಂಜೆ ಗೇಟಿನಲ್ಲಿ ನಮ್ಮನ್ನು ತಡಕಿ ನೋಡುವ ಹೆಂಗಸು ಹೊಸಬಳು. ಮೆತ್ತೆಯನ್ನು ಅದುಮಿ ನೋಡಿ, "ಹತ್ತಿ ಕದ್ಕೊಂಡು ಹೋಗ್ತಿದಾಳೆ!" ಎಂದು ಕೂಗಿ, ಸಾಲಿನಲ್ಲಿ ನಿಂತವರೆದುರೇ ಹೊರಗೆ ತೆಗೆಸಿದಳು. ಸೂಪರ್‌ವೈಸರ್ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ನಮ್ಮ ಮಾಲೇ ಇದು," ಎಂದ. ಯಾರೋ ಕಿಸಕ್ಕನೆ ನಕ್ಕರು. ನಾನು ಅವನ ಕೈಯಿಂದ ಕಿತ್ತುಕೊಂಡು, "ನಿನ್ನ ಹೆಂಡ್ತಿಗೂ ಒಂದು ಹೊಲ್ಕೊಡೋ ಕಾಲ ಬರ್ಲಿ," ಎಂದೆ. ಬಾಯಿ ತಪ್ಪಿ ಬಂದದ್ದಲ್ಲ, ಬೇಕೆಂದೇ ಅಂದದ್ದು. ಅವನು ನನ್ನನ್ನು ಬಹಳ ದಿನ ಕಕ್ಕಸಿನ ಪಕ್ಕದ ಮೆಷಿನ್ನಿಗೆ ಹಾಕಿ ಸೇಡು ತೀರಿಸಿಕೊಂಡ.

ಬೆರಳಮ್ಮನಿಗೆ ಮಾತ್ರ ಆ ಅವಮಾನ ತಟ್ಟಲೇ ಇಲ್ಲ. ಭಯ ಅವಳಲ್ಲಿ ಬೇರೆ ಯಾವುದಕ್ಕೂ ಜಾಗ ಬಿಟ್ಟಿರಲಿಲ್ಲ. ಉಳಿದ ಮೊಲೆಯನ್ನು ಎದ್ದ ಕೂಡಲೇ ಒತ್ತಿ ನೋಡುವಳು. ಬಸ್ಸಿನಲ್ಲಿ ಚೀಲ ಅಡ್ಡ ಹಿಡಿದು ಒತ್ತುವಳು. ಊಟದ ನಡುವೆ ಎದ್ದು ಹೋಗಿ ಒತ್ತುವಳು. ಅದು ಕಂದಿ ನೀಲಿಗಟ್ಟಿದ್ದನ್ನು ನೋಡಿ ಡಾಕ್ಟರಮ್ಮನೇ ಗದರಿದರು.

"ತಿಂಗಳಿಗೊಂದ್ಸಲ ನೋಡ್ಕೊಂಡ್ರೆ ಸಾಕಮ್ಮ. ಭಯ ತಡ್ಕೊಳ್ಳೋಕೆ ಆಗ್ತಿಲ್ಲ ಅಂದ್ರೆ ಅದಕ್ಕೂ ಇಲ್ಲಿ ಒಬ್ರಿದಾರೆ. ಹೋಗಿ ಮಾತಾಡಿ."

ಅಲ್ಲಿ ತಲೆಯಾಡಿಸಿ ಬಂದವಳು ಬಸ್ ಸ್ಟಾಪಿನಲ್ಲಿ ನನ್ನ ಮೇಲೆ ಹರಿಹಾಯ್ದಳು. "ನಂಗೇನು ಹುಚ್ಚಾ? ಮಾತಾಡಿದ್ರೆ ಹೋಗೋ ಭಯಾನಾ ಇದು?"

ಆಮೇಲೆ ಆ ಭಯ ಮಗಳ ಕಡೆ ತಿರುಗಿತು. ಅವಳಿಗಿರುವುದು ಒಬ್ಬಳೇ ಮಗಳು, ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ, ಬಾಯಿಬಡುಕತನದಲ್ಲಿ ನನ್ನನ್ನೇ ಹೋಲುತ್ತಾಳೆ. ತನಗೆ ಬಂದದ್ದು ಇವಳಿಗೂ ಬಂದರೆ ಎಂಬುದೊಂದೇ ತಾಯಿಯ ತಲೆಯಲ್ಲಿ. ಪ್ರತಿ ಭಾನುವಾರ ಕೋಣೆಯ ಬಾಗಿಲು ಹಾಕಿ, ಮಗಳನ್ನು ಮಂಚದ ಮೇಲೆ ಮಲಗಿಸಿ, ಮೂರು ಬೆರಳಿಟ್ಟು ನೋಡತೊಡಗಿದಳು. ತಿಂಗಳಿಗೊಮ್ಮೆ ಸಾಕು ಎಂದು ಡಾಕ್ಟರಮ್ಮ ಹೇಳಿದ್ದು ಕಿವಿಗೇ ಹೋಗಲಿಲ್ಲ. ಮೊದಮೊದಲು ಹುಡುಗಿ, "ಅಮ್ಮಾ, ನಾನು ಪಾಸಾ ಫೇಲಾ?" ಎಂದು ತಮಾಷೆ ಮಾಡುತ್ತಿದ್ದಳು. ಆಮೇಲೆ ಜಗಳ ಶುರುವಾಯಿತು.

"ನಂಗೆ ನಾಚಿಕೆ ಆಗುತ್ತಮ್ಮ. ಬಿಡು ನನ್ನ."

"ನಾನು ಸಾಯೋಕ್ಮುಂಚೆ ಇದೊಂದು ನೆಮ್ಮದಿ ಕೊಡೇ," ಎಂದು ತಾಯಿ ಊಟ ಬಿಟ್ಟು ಕೂರುವಳು.

ಸಾವಿನ ಮಾತೆತ್ತಿದರೆ ಮಗಳಾದವಳು ಏನು ಮಾಡಿಯಾಳು? ಹಲ್ಲು ಕಚ್ಚಿಕೊಂಡು ಮಲಗುವಳು. ನನ್ನ ತಂಗಿಯಾದರೇನು, ಇದು ಹಿಂಸೆ ಎಂದು ನಾನು ಮುಖಕ್ಕೇ ಹೇಳಿದೆ. ಅವಳು ಪಾತ್ರೆ ಉಜ್ಜುತ್ತಲೇ ಇದ್ದಳು.

ಒಂದು ಸಂಜೆ ಹುಡುಗಿ ಕಾಲೇಜಿನಿಂದ ನೆಟ್ಟಗೆ ನನ್ನ ಮನೆಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ದೊಡ್ಡಮ್ಮ, ಇಲ್ಲೊಂದು ಸಿಕ್ಕಿದೆ. ನೋಡು," ಎಂದು ನನ್ನ ಕೈ ಹಿಡಿದು ಇಟ್ಟುಕೊಂಡಳು. ಬಲಗಡೆ, ಕಂಕುಳ ಹತ್ತಿರ. ನನ್ನ ಒರಟು ಕೈಗೇ ಸಿಕ್ಕಿತು. ಬಟಾಣಿ ಕಾಳಿನಷ್ಟಿತ್ತು, ಬೆರಳಿನಡಿ ಜಾರುತ್ತಿತ್ತು.

"ಭಾನುವಾರ ನಿಮ್ಮಮ್ಮ ನೋಡ್ಲಿಲ್ವೇನೇ?"

"ನೋಡಿದ್ಲು. ಇಲ್ಲಿಗೆ ಬಂದಾಗ ಅವಳ ಬೆರಳು ನಿಂತ್ಬಿಡ್ತು ದೊಡ್ಡಮ್ಮ. ನಾನು ಮುಖ ನೋಡ್ದೆ. ಕಣ್ಣು ಮುಚ್ಕೊಂಡ್ಲು. ಆಮೇಲೆ ಕೈ ಮುಂದೆ ಹೋಯ್ತು. 'ಏನೂ ಇಲ್ಲ, ಏಳು' ಅಂದ್ಲು. ಅದರ ಹಿಂದಿನ ಭಾನುವಾರಾನೂ ಹಿಂಗೇ ಆಗಿತ್ತು. ಅದಕ್ಕೇ ಇವತ್ತು ನಾನೇ ಮುಟ್ಟಿ ನೋಡ್ಕೊಂಡೆ."

ಮರುದಿನ ಬೆಳಿಗ್ಗೆ ತಂಗಿಯ ಮನೆಗೆ ಹೋಗಿ, "ಆಸ್ಪತ್ರೆಗೆ ಹೊರಟಿದೀವಿ," ಎಂದೆ. ಯಾರಿಗೆ, ಯಾಕೆ ಎಂದು ಅವಳು ಕೇಳಲಿಲ್ಲ. ಚಪ್ಪಲಿ ಮೆಟ್ಟಿ ಹಿಂದೆ ಬಂದಳು. ಆಗಲೇ ನನಗೆ ಎಲ್ಲ ಗೊತ್ತಾಗಿಹೋಯಿತು.

ಸ್ಕ್ಯಾನ್ ಮಾಡಿದರು, ಸೂಜಿ ಚುಚ್ಚಿ ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವ ತನಕ ಆ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬೆರಳಮ್ಮ ಕಾರ್ಖಾನೆಯಲ್ಲಿ ಚೆನ್ನಾಗಿದ್ದ ದಿಂಬುಗಳಿಂದಲೂ ಹತ್ತಿ ಎಳೆದೆಳೆದು ಹಾಕಿ ಬೈಸಿಕೊಂಡಳು.

ಕೊನೆಗೆ ಡಾಕ್ಟರಮ್ಮ ಕರೆದರು. "ಕ್ಯಾನ್ಸರ್ ಅಲ್ಲ, ಹೆದರ್ಬೇಡಿ. ಈ ವಯಸ್ಸಲ್ಲಿ ಎಷ್ಟೋ ಹುಡುಗೀರಿಗೆ ಇಂಥ ಗಡ್ಡೆ ಇರುತ್ತೆ. ದೊಡ್ಡದಾಗ್ತಿದೆಯಾ ಅಂತ ಆಗಾಗ ನೋಡೋಣ. ಬೇಗ ಬಂದು ಹೇಳಿದ್ದು ಒಳ್ಳೇದಾಯ್ತು."

ಬೆರಳಮ್ಮ ಕುರ್ಚಿಯಲ್ಲೇ ಕುಸಿದು ಗೋಳೋ ಎಂದು ಅತ್ತಳು. ನನಗೂ ಕಣ್ಣು ತುಂಬಿ ಬಂತು. ಹುಡುಗಿ ಮಾತ್ರ ಅಳಲಿಲ್ಲ, ನಗಲೂ ಇಲ್ಲ. ಹೊರಗೆ ಬೆಂಚಿನ ಹತ್ತಿರ ಬಂದ ಮೇಲೆ ಕೇಳಿದಳು.

"ನಿನ್ನ ಕೈಗೆ ಸಿಕ್ಕಿತ್ತು ಅಲ್ವಾಮ್ಮ?"

"ಸಿಕ್ಕಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾಲಿಗೆ ಏಳ್ಲಿಲ್ಲ ಕಣೇ. ಹೇಳಿದ್ರೆ ನಿಜ ಆಗ್ಬಿಡುತ್ತೆ ಅನ್ನಿಸ್ತು. ಮುಂದಿನ ವಾರದ ಹೊತ್ತಿಗೆ ಕರಗಿರುತ್ತೆ ಅನ್ಕೊಂಡೆ."

"ನಿಜ ಆಗಿದ್ದಿದ್ರೆ?"

ಬೆರಳಮ್ಮ ನನ್ನ ಕಡೆ ನೋಡಿದಳು. ನಾನು ಗೋಡೆ ನೋಡಿದೆ. ಸುಳ್ಳೇಕೆ ಹೇಳಲಿ, ಆ ಗಳಿಗೆಯಲ್ಲಿ ಅವಳ ಕಪಾಳಕ್ಕೆ ಬಾರಿಸಬೇಕು ಎನ್ನಿಸಿತ್ತು, ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತ್ತು.

"ವಾರವಾರ ಬಟ್ಟೆ ಬಿಚ್ಚಿಸ್ತಿದ್ದೆಯಲ್ಲ, ನನಗೋಸ್ಕರ ಅಂತ ಸಹಿಸ್ಕೊಂಡೆ," ಎಂದಳು ಹುಡುಗಿ, ದನಿ ಎತ್ತರಿಸದೆ. "ಏನೂ ಇಲ್ಲ ಅಂತ ನಿನಗೆ ನೀನೇ ಹೇಳ್ಕೊಳ್ಳೋಕೆ ನನ್ನ ಮಲಗಿಸ್ತಿದ್ದೆ."

ಸೂಜಿ ಚುಚ್ಚಿದ ಜಾಗದ ಪಟ್ಟಿಯ ಒಂದು ತುದಿ ಎದ್ದು ಅಂಗಿಯ ತೋಳಿನ ಸಂದಿಯಿಂದ ಕಾಣುತ್ತಿತ್ತು. ಬೆರಳಮ್ಮ ಅದನ್ನು ಅಂಟಿಸಲು ಕೈ ಚಾಚಿದಳು. ಹುಡುಗಿ ಹಿಂದೆ ಸರಿದಳು. ತೋಳೆತ್ತಿ ನನ್ನ ಕಡೆ ತಿರುಗಿ, "ದೊಡ್ಡಮ್ಮ, ನೀನು ಅಂಟ್ಸು," ಎಂದಳು.