ಅವ್ವ ಚಿಕ್ಕಪ್ಪನ ಪಾಲಿಗೆ ಹೋದದ್ದು

ಶನಿವಾರಸಂತೆಯ ನಮ್ಮ ಮನೆಜಾಗವನ್ನು ಎರಡು ಪಾಲು ಮಾಡಿದಾಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಹಾಸನದ ಕಡೆಯ ಲಾರಿಗಳು ಸಂತೆಗೆ ಬರುವುದು ಹೆಚ್ಚಿ, ರಸ್ತೆಗೆ ಮುಖವಿದ್ದ ಜಾಗಕ್ಕೆಲ್ಲ ಬೆಲೆ ಬಂದಿತ್ತು. ಎಮ್ಮೆ ಕಟ್ಟುವ ಜಾಗವನ್ನೂ ಜನ ಸೈಟು ಅನ್ನತೊಡಗಿದ್ದರು. ಚಿಕ್ಕಪ್ಪನಿಗೆ ಹೆಣ್ಣು ಗೊತ್ತಾಗಿತ್ತು. ಒಂದಿದ್ದಲ್ಲಿ ಎರಡು ಮನೆ ಆಗಲಿ ಎಂದು ಹಿರಿಯರು ಹೇಳಿದರು, ಅಪ್ಪ ಒಪ್ಪಿದ.

ಹಿತ್ತಲಿನ ತುದಿಯಲ್ಲಿ ಅವ್ವನ ಗದ್ದುಗೆಯಿತ್ತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಸ್ವಂತ ನೆಲದಲ್ಲಿ ಕೂರಿಸಿ ಮಣ್ಣು ಮಾಡಿ ಮೇಲೊಂದು ಕಟ್ಟೆ ಕಟ್ಟುತ್ತಾರೆ. ಶಾಲೆಯಿಂದ ಬಂದವಳೇ ನಾನು ಅದರ ಪಕ್ಕ ಕೂತು, ಆ ದಿನದ ಚಾಡಿಯನ್ನೆಲ್ಲ ಅವ್ವನಿಗೆ ಹೇಳುತ್ತಿದ್ದೆ. ಬದುಕಿದ್ದಾಗ ಅವಳು ನನ್ನ ಮಾತನ್ನು ಅಷ್ಟು ತಾಳ್ಮೆಯಿಂದ ಕೇಳಿದವಳಲ್ಲ.

ಪಾಲಿಗೆ ನಮ್ಮಲ್ಲೊಂದು ಪದ್ಧತಿ: ಅಣ್ಣ ಸೀಳಬೇಕು, ತಮ್ಮ ಆರಿಸಬೇಕು. ಅಪ್ಪ ಒಂದು ಬೆಳಿಗ್ಗೆಯೆಲ್ಲ ಹಗ್ಗ ಹಿಡಿದು ಹಿತ್ತಲಲ್ಲಿ ಓಡಾಡಿದ. ಎರಡು ಪಾಲಿಗೂ ರಸ್ತೆ ಸಿಗುವಂತೆ ಜಾಗವನ್ನು ಉದ್ದಕ್ಕೆ ಸೀಳಿದ. ಒಂದರಲ್ಲಿ ಹಳೆಯ ಮನೆ, ಬಾವಿ, ಅಗಲವೂ ಹೆಚ್ಚು. ಇನ್ನೊಂದು ಕಿರಿದು, ಬರೀ ನೆಲ, ತುದಿಯಲ್ಲಿ ಗದ್ದುಗೆ. ಅಪ್ಪನ ಹೂಟ ನನಗೂ ತಿಳಿಯಿತು. ಹೊಸದಾಗಿ ಸಂಸಾರ ಹೂಡುವವನು ಕಟ್ಟಿದ ಮನೆ ಬಿಟ್ಟು ಬರೀ ನೆಲ ಯಾಕೆ ಆರಿಸುತ್ತಾನೆ? ಗುಡಿಸಲು ಹಾಕಿಕೊಂಡಾದರೂ ಸರಿ, ನಾವಿಬ್ಬರೂ ಅವ್ವನ ಬಳಿಯೇ ಉಳಿಯುತ್ತಿದ್ದೆವು. ಬಾಯಿಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಸೀಳಿದ ಅಣ್ಣ ಇದು ನನಗಿರಲಿ ಅನ್ನುವಂತಿಲ್ಲ, ನಾಲ್ಕು ಜನ ಆಡಿಕೊಳ್ಳುತ್ತಾರೆ. ನಮ್ಮಪ್ಪನಿಗೋ ದೇವರಿಗಿಂತ ಆ ನಾಲ್ಕು ಜನರ ಭಯವೇ ಹೆಚ್ಚು.

ಜಗಲಿಯ ಮೇಲೆ ಹಿರಿಯರು ಕೂತರು. ಚಿಕ್ಕಪ್ಪ ಹಗ್ಗದ ಕಡೆ ತಿರುಗಿಯೂ ನೋಡಲಿಲ್ಲ. ಅವನು ಮಗುವಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಉಣಿಸಿ ತಿನಿಸಿ ಬೆಳೆಸಿದವಳು ನಮ್ಮವ್ವ.

“ಮನೆ, ಬಾವಿ ಎಲ್ಲ ಅಣ್ಣಂಗೇ ಇರ್ಲಿ, ಹೆಣ್ಣು ಮಗು ಅದೆ,” ಅಂದ. “ಅತ್ತಿಗೆ ಇರೋ ಕಡೆ ನಂಗೆ ಕೊಡಿ. ತಾಯಿ ಅಂತ ನಾ ಕಂಡಿದ್ದು ಅವ್ರೊಬ್ರನ್ನೇ.”

ಹಿರಿಯರು ತಲೆದೂಗಿದರು. ಇಂಥ ತಮ್ಮ ಯಾರಿಗುಂಟು ಎಂದು ಅಪ್ಪನೆದುರು ಚಿಕ್ಕಪ್ಪನನ್ನು ಹೊಗಳಿದರು. ನಾನು ಬಾಯಿ ತೆರೆದೆ, ಅಪ್ಪ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ.

ಚಿಕ್ಕಪ್ಪ ಮನೆ ಕಟ್ಟಿದ, ಚಿಕ್ಕಮ್ಮ ಬಂದಳು, ದನ ನುಗ್ಗದಂತೆ ನಡುವೆ ಬೇಲಿಯೂ ಎದ್ದಿತು. ಸೋಮವಾರ ಸೋಮವಾರ ಅಪ್ಪ ಹೂವು ಹಿಡಿದು ರಸ್ತೆಗಿಳಿದು, ಬಳಸಿಕೊಂಡು ಹೋಗಿ, ತಮ್ಮನ ಬಾಗಿಲಲ್ಲಿ ನಿಂತು ಕೇಳಿಯೇ ಒಳಗೆ ಹೋಗುತ್ತಿದ್ದ. ಸ್ವಂತ ಹೆಂಡತಿಯನ್ನು ನೋಡಲು ನೆಂಟನ ಹಾಗೆ ಕಾಯುವುದು! ನನಗೆ ಮೈಯೆಲ್ಲ ಉರಿಯುತ್ತಿತ್ತು. ಇದೇನಣ್ಣ ಕೇಳೋದು ಎಂದು ಚಿಕ್ಕಪ್ಪನೂ ಗದರುತ್ತಿದ್ದ. ನಾನಂತೂ ಮೊದಮೊದಲು ಹೋದೆ. ಆದರೆ ಚಿಕ್ಕಮ್ಮ ಅಲ್ಲೇ ಬಟ್ಟೆ ಒಣಹಾಕುತ್ತಿರುವಾಗ ಅವ್ವನೊಂದಿಗೆ ಏನು ಮಾತಾಡುವುದು? ಪಾಪ, ಅವಳು ಒಳ್ಳೆಯವಳೇ, ಕರೆದು ರೊಟ್ಟಿ ಕೊಡುತ್ತಿದ್ದಳು. ನನಗೆ ಬೇಕಿದ್ದದ್ದು ರೊಟ್ಟಿಯಲ್ಲ. ಹೇಳದೆ ಉಳಿದ ಆ ಮಾತುಗಳ ಹಂಬಲ ನನಗೆ ಇವತ್ತಿಗೂ ಇದೆ.

ವರ್ಷಗಳಾದ ಮೇಲೆ ಅಪ್ಪ ಹಾಸಿಗೆ ಹಿಡಿದ. ತನ್ನನ್ನು ನಮ್ಮ ಕಡೆಯೇ, ಬೇಲಿಯ ಪಕ್ಕ ಕೂರಿಸಬೇಕು, ತಮ್ಮನನ್ನು ಜಾಗ ಕೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡ. ಅವನು ತೀರಿಕೊಂಡ ದಿನ ಚಿಕ್ಕಪ್ಪ ಬಂದಾಗ ನನಗೆ ತಡೆಯಲಾಗಲಿಲ್ಲ. ಹಗ್ಗ ಹಿಡಿದ ದಿನ ಅಪ್ಪ ಯಾಕೆ ಹಾಗೆ ಸೀಳಿದ್ದ ಎಂದು ಹೇಳಿಬಿಟ್ಟೆ. ಚಿಕ್ಕಪ್ಪ ಬೇಲಿಯ ಕಡೆ ತಿರುಗಿದ.

“ಒಂದ್ ಮಾತು ಕೇಳಿದ್ರೆ ನಾ ಕೊಡ್ತಿರ್ಲಿಲ್ವೇನವ್ವ?”

ಅಪ್ಪನಿಗೆ ಕೊಟ್ಟ ಮಾತನ್ನು ನಾನು ನಡೆಸಲಿಲ್ಲ. ಬೇಲಿ ಕಿತ್ತು, ಅವನನ್ನು ಅವ್ವನ ಮಗ್ಗುಲಿಗೇ ಒಯ್ದೆವು. ಮಣ್ಣು ಮುಚ್ಚಿ ಎಲ್ಲರೂ ಹೋದ ಮೇಲೆ ನಾನೊಬ್ಬಳೇ ಈಚೆ ಬಂದೆ. ಬಾಗಿಲು ತೆಗೆದರೆ ಇಡೀ ಮನೆ ನನ್ನದು, ನನ್ನವರಿಬ್ಬರೂ ಆಚೆ ಪಾಲಿನಲ್ಲಿದ್ದರು.