ತಿರುವಿನಲ್ಲಿ ಬಾರದ ಗಾಡಿ

ಜವರ, ಆವತ್ತು ಹುಣಸೇಮರದ ತಿರುವಿನಲ್ಲಿ ಗಾಡಿ ಬರಲಿಲ್ಲ. ಗಾಡಿಯೂ ಇಲ್ಲ, ಎತ್ತೂ ಇಲ್ಲ, ಗಾಡಿ ಹೊಡೆಯುವವನೂ ಇಲ್ಲ — ಬರಿಯ ರಸ್ತೆ, ಬಿಸಿಲಿಗೆ ಬೆಳ್ಳಗೆ ಬಿದ್ದುಕೊಂಡಿತ್ತು. ಆದರೂ ನಾನು "ಗಾಡಿ" ಎಂದು ಕೂಗಿದೆ. ಗೆಲ್ಲುವುದಕ್ಕಾಗಿ ಕೂಗಿದೆ.

ಇಷ್ಟು ಬರೆದು, ಎದ್ದು ಹೋಗಿ ನೀರು ಕುಡಿದು ಬಂದೆ. ನಿಡಘಟ್ಟದ ಶಾಲೆಯನ್ನು ಅರ್ಧಕ್ಕೇ ಬಿಟ್ಟು ಮದ್ದೂರಿನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಲು ಸೇರಿಕೊಂಡವನು ನಾನು. ಬರೆಯುವುದು ನನಗೆ ಏರು ರಸ್ತೆ. ನನಗೆ ಗೊತ್ತಿದ್ದದ್ದೆಲ್ಲ ಇಳಿಜಾರು.

ಎಂಥ ಇಳಿಜಾರು ಅದು! ಯುದ್ಧ ಶುರುವಾಗುವ ಮುಂಚೆ, ಮಳವಳ್ಳಿ ದಾಟಿ ಹೊಳೆಯ ಕಡೆ ಇಳಿಯುವ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಸೈಕಲ್ ಪಂದ್ಯ ನಡೆಯುತ್ತಿತ್ತು. ಬೇರೆ ಕಡೆಯ ಪಂದ್ಯಗಳಲ್ಲಿ ತುಳಿಯುವ ಕಾಲು ಗೆಲ್ಲುತ್ತಿತ್ತು. ಇಲ್ಲಿ ಗುಂಡಿಗೆ ಗೆಲ್ಲಬೇಕು. ಮೇಲಿನಿಂದ ಬಿಟ್ಟರೆ ಎದೆಯನ್ನು ಹ್ಯಾಂಡಲ್ ಮೇಲೆ ಒರಗಿಸಿ, ಮೊಣಕೈ ಒಳಗೆಳೆದುಕೊಂಡು — ಆಮೇಲೆ ಉಸಿರಾಡಿದ್ದು ನೆನಪಿರುವುದಿಲ್ಲ. ಕಣ್ಣಿನ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು. ಆಚೀಚೆಯ ಕಬ್ಬಿನ ಗದ್ದೆಗಳು ಹಸಿರು ಗೋಡೆಯಾಗಿ ಹಿಂದಕ್ಕೆ ಓಡುತ್ತಿದ್ದವು. ಅಷ್ಟು ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ. ಮದುವೆಯಲ್ಲೂ ಇಲ್ಲ — ಇದನ್ನು ನನ್ನ ಹೆಂಡತಿಗೆ ಓದಿ ಹೇಳಬೇಡ.

ರಸ್ತೆ ಕಿರಿದು. ಕಬ್ಬಿನ ಗಾಡಿಗಳು ಯಾವ ಹೊತ್ತಿನಲ್ಲಾದರೂ ಎದುರಿಗೆ ಬರುತ್ತಿದ್ದವು. ಅದಕ್ಕೇ ನಮ್ಮನಮ್ಮಲ್ಲೇ ಒಂದು ಕಟ್ಟಳೆ ಇತ್ತು. ತಿರುವಿನಲ್ಲಿ ಮುಂದಿರುವವನಿಗೆ ಮೊದಲು ಕಾಣುತ್ತದೆ. ಎದುರಿಗೆ ಗಾಡಿ ಇದ್ದರೆ ಅವನು ಕೂಗಬೇಕು. ಹಿಂದಿರುವವನು ಏನು ಎತ್ತ ಎನ್ನದೆ ಬ್ರೇಕ್ ಹಿಡಿಯಬೇಕು. ಜಗಳವಾಡಿ ಮಾತು ಬಿಟ್ಟವರೂ ಆ ಕೂಗಿನ ವಿಷಯದಲ್ಲಿ ಒಬ್ಬರನ್ನೊಬ್ಬರು ನಂಬುತ್ತಿದ್ದೆವು. ನಂಬದಿದ್ದರೆ ಯಾರೂ ಮನೆಗೆ ಹೋಗುವ ಹಾಗಿರಲಿಲ್ಲ.

ಆ ವರ್ಷ ನಮ್ಮ ಅಂಗಡಿಯ ಸಾಹೇಬರು, ಗೆದ್ದವನಿಗೆ ಹೊಸ ರೇಸ್ ಸೈಕಲ್ಲು ಕೊಟ್ಟು, ತಮ್ಮ ಅಂಗಡಿಯ ಹೆಸರಿನಲ್ಲಿ ಊರೂರಿನ ಪಂದ್ಯಕ್ಕೆ ಕಳಿಸುವುದಾಗಿ ಹೇಳಿದ್ದರು. ಓಡಿಸುವುದಕ್ಕೇ ಸಂಬಳ! ಕಿರುಗಾವಲಿನಿಂದ ನೀನು ಬಂದಿದ್ದೆ. ಮೇಲೆ ನಿಂತು ನನ್ನ ಚೈನಿಗೆ ಎಣ್ಣೆ ಬಿಟ್ಟವನೂ ನೀನೇ.

"ಲೇ ಬೋರ, ಎಣ್ಣೆ ಬುಟ್ಟಿವ್ನಿ, ಇನ್ನು ಚೈನ್ ಕಚ್ಕತ್ತು ಅಂತ ನೆಪ ಯೋಳ್ಬ್ಯಾಡ ಕಣ್ಲಾ," ಅಂದೆ ನೀನು.

"ನೀನು ಮಣ್ಣು ಮುಕ್ಕಾಕೆ ತಯಾರಾಗ್ಲಾ," ಅಂದೆ ನಾನು.

ಅರ್ಧ ದಾರಿಯವರೆಗೂ ನಾನು ಮುಂದಿದ್ದೆ. ಹುಣಸೇಮರ ಹತ್ತಿರವಾಗುವಾಗ ನಿನ್ನ ಮುಂದಿನ ಗಾಲಿ ನನ್ನ ಪೆಡಲಿನ ಪಕ್ಕಕ್ಕೆ ಬಂತು. ನೀನು ನಗುತ್ತಿದ್ದೆ — ಆ ವೇಗದಲ್ಲೂ ನಗು ಕೇಳಿಸಿತು. ಇನ್ನೊಂದು ಗಳಿಗೆ ಕಳೆದಿದ್ದರೆ ನೀನು ಮುಂದೆ. ಕೂಗದಿದ್ದರೂ ನಾನೇ ಗೆಲ್ಲುತ್ತಿದ್ದೆನೇನೋ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಇಲ್ಲ ಜವರ, ಗೆಲ್ಲುತ್ತಿರಲಿಲ್ಲ. ತಿರುವಿಗೆ ಮೊದಲು ಹೊಕ್ಕ ನನಗೆ ರಸ್ತೆ ಖಾಲಿ ಕಂಡಿತು. ಬಾಯಿ ಮಾತ್ರ —

"ಗಾಡಿ! ಗಾಡಿ ಕಣ್ಲಾ!"

ನೀನು ಎತ್ತುಗಳಿಗೆ ಗುದ್ದಬಾರದೆಂದು ಸೈಕಲ್ಲನ್ನು ರಸ್ತೆಯಿಂದಲೇ ಆಚೆಗೆ ತಿರುಗಿಸಿದೆ. ಕಾಲುವೆಯ ಕಲ್ಲಿಗೆ ಬಡಿದ ಸದ್ದು ಬೆನ್ನ ಹಿಂದೆ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಕೆಳಗೆ ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿಸಿದರು. ನಾನೂ ಕುಣಿದೆ.

ಗಾಡಿ ಎಲ್ಲಿ ಹೋಯಿತೆಂದು ಕೇಳಿದವರಿಗೆ, ಪಕ್ಕದ ಓಣಿಗೆ ಇಳಿಯಿತು ಎಂದೆ. ಎಲ್ಲರೂ ನಂಬಿದರು. ನೀನಂತೂ ಮಂಚದ ಮೇಲೆ ಕಾಲು ಕಟ್ಟಿಸಿಕೊಂಡು ಮಲಗಿ, "ಬೋರ ಕೂಗ್ದೆ ಓಗಿದ್ರೆ ಎತ್ತಿನ್ ಕೊಂಬ್ಗೆ ತಗಲಾಕ್ಕೊಂಡಿರ್ತಿದ್ದೆ. ಪ್ರಾಣ ಉಳಿಸ್ದ ಕಣ್ರೋ," ಎಂದು ಬಂದವರಿಗೆಲ್ಲ ಹೇಳಿದೆ. ಆ ಮಾತಿಗಾದರೂ ನಾನು ಬಾಯಿ ಬಿಡಬೇಕಿತ್ತು. ನೀನು ಕೊಟ್ಟ ಕಿತ್ತಳೆಹಣ್ಣು ತಿನ್ನುತ್ತ ಕೂತೆ.

ಮೂಳೆ ಕೂಡಿತು, ಮೊಣಕಾಲು ಮಡಚಲು ಬಾರದೇ ಹೋಯಿತು. ಮೊಣಕಾಲು ಮಡಚಲಾಗದವನು ಪೆಡಲ್ ತುಳಿಯುವುದು ಹೇಗೆ?

ನನ್ನ ವರ್ಷಗಳು ಮಾತ್ರ ಹಾರಿಕೊಂಡು ಹೋದವು. ಮಂಡ್ಯ, ಚನ್ನಪಟ್ಟಣ, ಮೈಸೂರು — ಎಲ್ಲಿ ದಿಣ್ಣೆ ಇತ್ತೋ ಅಲ್ಲಿ ನಾನು. "ಇಳಿಜಾರು ಬೋರ" ಎಂದರೆ ಹೋಟೆಲಿನವರು ಕಾಫಿಯ ಜೊತೆ ಇನ್ನೊಂದು ವಡೆ ಇಡುತ್ತಿದ್ದರು. ಯುದ್ಧದಲ್ಲಿ ಟ್ಯೂಬು ಸಿಗದೇ ಹೋದಾಗ ಟೈರಿನೊಳಗೆ ಹುಲ್ಲು ತುರುಕಿ, ಹಲ್ಲು ಕಟಕಟ ಎನ್ನಿಸಿಕೊಂಡು ಇಳಿದೆ, ಅದರಲ್ಲೂ ಗೆದ್ದೆ. ಹಗಲೆಲ್ಲ ಅಂಗಡಿಯಲ್ಲಿ ದುಡಿದು, ಬೆಳಗಾಗುವ ಮೊದಲೇ ದಿಣ್ಣೆ ಹತ್ತಿ ಅಭ್ಯಾಸ ಮಾಡಿದೆ. ಆ ಗೆಲುವುಗಳು ನನ್ನವೇ, ಅದರಲ್ಲಿ ನಾಚಿಕೆಯಿಲ್ಲ. ಆದರೆ ಮೊದಲನೆಯದು ನಿನ್ನದು. ಮಿಕ್ಕವೆಲ್ಲ ಅದರ ಬೆನ್ನ ಮೇಲೆ ಕೂತು ಬಂದವು — ಇದನ್ನು ಎಷ್ಟು ಸಲ ಮರೆಯಲು ನೋಡಿದೆನೋ...

ನೀನೋ, ನನ್ನ ಸುಳ್ಳಿಗೆ ಸಿಂಗಾರ ಮಾಡುತ್ತ ಬಂದೆ. ನೀನು ಬಿದ್ದದ್ದು ಪುಟ್ಟಮ್ಮನ ಅಪ್ಪನ ಗದ್ದೆಗೆ. ನೀರು ಕಟ್ಟುತ್ತಿದ್ದ ಆಕೆ ಓಡಿ ಬಂದು ಮೊದಲು ಬೈದು, ಆಮೇಲೆ ಎತ್ತಿದಳಂತೆ. ಬೈದವಳನ್ನೇ ಮದುವೆಯಾದೆ. ಚಪ್ಪರದಲ್ಲಿ ಎಲ್ಲರೆದುರು, "ಆ ಗಾಡಿಯವನು ಸಿಕ್ರೆ ಮೊದಲ್ನೇ ಪಂಕ್ತೀಲಿ ಕೂರ್ಸಿ ಊಟಕ್ಕಿಕ್ತೀನಿ ಕಣ್ರಪ್ಪ," ಅಂದೆ. ವರ್ಷ ಕಳೆದ ಹಾಗೆ ನಿನ್ನ ಮಾತಿನಲ್ಲಿ ಆ ಎತ್ತುಗಳು ಬಿಳಿಯವಾದವು, ಕೊಂಬಿಗೆ ಹಿತ್ತಾಳೆ ಕಳಸ ಬಂತು, ಕೊರಳಿಗೆ ಗೆಜ್ಜೆಯೂ ಬಂತು. ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನು ಸುಖವಾಗಿದ್ದೀಯಲ್ಲ ಎಂದು ಎಷ್ಟು ಸಲ ಒಳಗೊಳಗೇ ಹಗುರಾದೆ. ನಿನ್ನ ಸುಖ ನೀನು ಕಟ್ಟಿಕೊಂಡದ್ದು. ನನ್ನ ತಪ್ಪಿಗೆ ಅದನ್ನು ಸಾಕ್ಷಿಗೆ ಕರೆಯುವ ಹಕ್ಕು ನನಗಿಲ್ಲ.

ಈ ವರ್ಷ ಸ್ವಾತಂತ್ರ್ಯ ಬಂದ ಸಂತೋಷಕ್ಕೆ ಯುದ್ಧದಲ್ಲಿ ನಿಂತುಹೋಗಿದ್ದ ಆ ಮಳವಳ್ಳಿ ಪಂದ್ಯವನ್ನು ಮತ್ತೆ ಇಟ್ಟಿದ್ದಾರೆ. ಬಾವುಟ ಬೀಸಿ ಬಿಡುವ ಕೆಲಸ ನನಗೆ. ನಿನ್ನನ್ನು ಕರೆಯಲು ಮೊನ್ನೆ ಕಿರುಗಾವಲಿಗೆ ಬಂದಿದ್ದೆನಲ್ಲ, ನೀನು ಕುಣಿದಾಡಿದೆ. "ಕ್ಯಾರಿಯರ್ ಮ್ಯಾಲೆ ಕೂರಿಸ್ಕೊಂಡು ಒಂದ್ಸಲ ಇಳ್ಸ್ಲಾ ಬೋರ. ಈ ಕಾಲು ಪಕ್ಕಕ್ಕೆ ಚಾಚ್ಕೊಂಡಿರ್ತದೆ, ಯಾವ ನನ್ ಮಗನೂ ನಮ್ನ ದಾಟಕಾಗಾಕಿಲ್ಲ," ಅಂದೆ. ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತು. ಆಮೇಲೆ ನೀನು ದನ ಕಟ್ಟಲು ಹಿತ್ತಲಿಗೆ ಹೋದೆ.

ಪುಟ್ಟಮ್ಮ ಮಜ್ಜಿಗೆ ತಂದಿಟ್ಟಳು. ದನಿ ತಗ್ಗಿಸಿ, ಕೋಪವೇನೂ ಇಲ್ಲದೆ ಹೇಳಿದಳು:

"ಅಣ್ಣ, ಅವತ್ತು ನಾನು ರಸ್ತೆ ಪಕ್ಕದಾಗೇ ನಿಂತಿದ್ದೆ. ಯಾವ ಗಾಡೀನೂ ಬರ್ನಿಲ್ಲ."

ನಾನು ಲೋಟ ಕೆಳಗಿಟ್ಟೆ.

"ಅವ್ನಿಗೆ ಯೋಳಿಲ್ವಾ ನೀನು?"

"ಅದು ನೀನು ಯೋಳ್ಬೇಕಾದ್ದು ಕಣಣ್ಣ. ನಾನ್ಯಾಕೆ ಯೋಳ್ಲಿ? ಮಜ್ಜಿಗೆ ಕುಡಿ."

ಇಷ್ಟು ವರ್ಷ ಆಕೆ ನನಗೆ ಬಡಿಸಿದ ಪ್ರತಿ ಊಟವೂ ಆಗ ನೆನಪಾಯಿತು.

ಪಂದ್ಯದ ದಿನ ನೀನು ಬಾ, ಜವರ. ಮೇಲೆ ನಿಂತ ಹೊಸ ಹುಡುಗರಿಗೆ ಕೂಗಿನ ಕಟ್ಟಳೆ ಹೇಳುವವನು ನಾನೇ. ಅದನ್ನು ಮುರಿದವನು ಯಾರು, ಯಾವ ತಿರುವಿನಲ್ಲಿ, ಯಾರ ಮೊಣಕಾಲು ಹೋಯಿತು — ಎಲ್ಲರೆದುರಿಗೆ ಹೇಳಿಯೇ ಬಾವುಟ ಎತ್ತುತ್ತೇನೆ. ಆದರೆ ಅದು ನಿನಗೆ ಹುಡುಗರ ಜೊತೆ ನಿಂತು ತಿಳಿಯಬಾರದು. ಅದಕ್ಕೇ ಇದು ಮೊದಲು ನಿನ್ನ ಕೈಗೆ.

ಸೈಕಲ್ಲಿಗೆ ಗಟ್ಟಿ ಕ್ಯಾರಿಯರ್ ಹಾಕಿಸಿದ್ದೇನೆ, ನಿನ್ನ ಕಾಲಿಗೆ ಆಸರೆಯಾಗಲೆಂದು ಪಕ್ಕಕ್ಕೊಂದು ಕಬ್ಬಿಣದ ಪಟ್ಟಿಯನ್ನೂ. ಎಲ್ಲ ತಿಳಿದ ಮೇಲೂ ಕೂರುವ ಮನಸ್ಸಿದ್ದರೆ ಕೂರು. ಉಸಿರು ಕಟ್ಟುವ ಹಾಗೆ ಇಳಿಸುತ್ತೇನೆ. ಇಲ್ಲವಾದರೆ ಬೈದು ಹೋಗು, ನಾನು ತಲೆ ತಗ್ಗಿಸಿ ಕೇಳುತ್ತೇನೆ. ಆಮೇಲೆ ಸೈಕಲ್ಲನ್ನು ತಳ್ಳಿಕೊಂಡು, ಹುಣಸೇಮರದ ತಿರುವು ದಾಟಿ, ಕೆಳಗಿನವರೆಗೂ ಹೋಗುತ್ತೇನೆ. ಆ ಇಳಿಜಾರನ್ನು ನಾನು ಇದುವರೆಗೂ ನಡೆದು ಇಳಿದಿಲ್ಲ.